ಮುಕ್ತ ತಂತ್ರಾಂಶಕ್ಕೆ ಖಾಸಗಿ ಉಪಕರಣ: ಸೋಲಾರಿಸ್ ಪ್ರಕರಣದ ಪಾಠ

ತಂತ್ರಾಂಶವನ್ನು ಕೊಳ್ಳುವಾಗ ಅಥವಾ ಬರೆಸುವಾಗ ಉದ್ಯಮಿಗಳು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಬೆಲೆ ಎಷ್ಟು? ಮೂಲ ಸಂಕೇತ ಕೈಗೆ ಸಿಗುತ್ತದೆಯೇ? ಇವೆರಡರಷ್ಟೇ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ. ಆ ಮೂಲ ಸಂಕೇತವನ್ನು ಗಣಕದಲ್ಲಿ ಓಡುವ ರೂಪಕ್ಕೆ ತರುವ ಉಪಕರಣ ಯಾರ ಒಡೆತನದಲ್ಲಿದೆ ಎಂಬುದೇ ಆ ಪ್ರಶ್ನೆ. ಇದನ್ನು ಕೇಳದೆ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಸೋಲಾರಿಸ್ ಕಾರ್ಯಾಚರಣಾ ವ್ಯವಸ್ಥೆಯ ಇತಿಹಾಸವೇ ಉತ್ತಮ ನಿದರ್ಶನ.

ಕಂಪೈಲರ್ ಎಂದರೇನು?

ಪ್ರೋಗ್ರಾಮರ್ ಬರೆಯುವುದು ಮನುಷ್ಯರು ಓದಬಲ್ಲ ಮೂಲ ಸಂಕೇತವನ್ನು. ಗಣಕಕ್ಕೆ ಅರ್ಥವಾಗುವುದು ಯಂತ್ರ ಸಂಕೇತ ಮಾತ್ರ. ಮೊದಲನೆಯದನ್ನು ಎರಡನೆಯದಕ್ಕೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ಕಣಜದಲ್ಲಿ ಭತ್ತವಿದ್ದ ಮಾತ್ರಕ್ಕೆ ಅನ್ನವಾಗದು. ಅದನ್ನು ಅಕ್ಕಿ ಮಾಡಿಕೊಡುವ ಗಿರಣಿ ಬೇಕು. ಊರಿಗೆ ಒಂದೇ ಗಿರಣಿಯಿದ್ದು ಅದು ಪರರದಾದರೆ, ಭತ್ತದ ಒಡೆಯನೂ ಗಿರಣಿಯ ಯಜಮಾನನ ಷರತ್ತಿಗೆ ಒಳಪಡಬೇಕಾಗುತ್ತದೆ.

ಕಾನೂನಿನ ನಿಲುವು

ಮುಕ್ತ ತಂತ್ರಾಂಶವನ್ನು ಖಾಸಗಿ ಕಂಪೈಲರ್‌ನಿಂದ ಸಿದ್ಧಪಡಿಸುವುದು ಪರವಾನಗಿಯ ಉಲ್ಲಂಘನೆಯೇ? ಸಾಮಾನ್ಯವಾಗಿ ಅಲ್ಲ. ಲಿನಕ್ಸ್ ಕರ್ನಲ್‌ಗೆ ಅನ್ವಯಿಸುವ ಜಿಪಿಎಲ್ ಎರಡನೆಯ ಆವೃತ್ತಿಯ ಪ್ರಕಾರ, ತಂತ್ರಾಂಶವನ್ನು ವಿತರಿಸುವವರು ಮೂಲ ಸಂಕೇತದೊಡನೆ, ಕಂಪೈಲ್ ಮಾಡುವ ಮತ್ತು ಸ್ಥಾಪಿಸುವ ಕ್ರಮವನ್ನು ನಿಯಂತ್ರಿಸುವ ಸ್ಕ್ರಿಪ್ಟ್‌ಗಳನ್ನೂ ಒದಗಿಸಬೇಕು. ಆದರೆ ಕಾರ್ಯಾಚರಣಾ ವ್ಯವಸ್ಥೆಯ ಪ್ರಮುಖ ಅಂಗಗಳೊಡನೆ ಸಾಮಾನ್ಯವಾಗಿ ಬರುವ ಕಂಪೈಲರ್‌ನ ಮೂಲ ಸಂಕೇತವನ್ನು ಕೊಡಬೇಕಾಗಿಲ್ಲ. 2007ರ ಮೂರನೆಯ ಆವೃತ್ತಿಯೂ ಸಾಮಾನ್ಯ ಬಳಕೆಯ ಉಪಕರಣಗಳನ್ನು ಈ ಹೊಣೆಯಿಂದ ಹೊರಗಿಟ್ಟಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅನೇಕ ಕಂಪೈಲರ್‌ಗಳು ತಾವು ಸಿದ್ಧಪಡಿಸುವ ತಂತ್ರಾಂಶದೊಳಗೆ ತಮ್ಮದೇ ಲೈಬ್ರರಿಯ ತುಣುಕುಗಳನ್ನು ಸೇರಿಸುತ್ತವೆ. ಅವನ್ನು ಗ್ರಾಹಕರಿಗೆ ಹಂಚುವ ಹಕ್ಕು ಕಂಪೈಲರ್‌ನ ಪರವಾನಗಿಯಲ್ಲಿ ಸ್ಪಷ್ಟವಾಗಿರಬೇಕು. ಮುಕ್ತ ಕಂಪೈಲರ್ ಆದ ಜಿಸಿಸಿ ಇದಕ್ಕೆಂದೇ ಪ್ರತ್ಯೇಕ ವಿನಾಯಿತಿಯನ್ನು ನೀಡಿದೆ.

ಆದ್ದರಿಂದ ಪ್ರಶ್ನೆ ಕಾನೂನಿನದಕ್ಕಿಂತ ಹೆಚ್ಚಾಗಿ ಅವಲಂಬನೆಯದು.

ಸೋಲಾರಿಸ್ ಪ್ರಕರಣ

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 2005ರ ಜೂನ್‌ನಲ್ಲಿ ತನ್ನ ಸೋಲಾರಿಸ್ ವ್ಯವಸ್ಥೆಯ ಮೂಲ ಸಂಕೇತವನ್ನು ಓಪನ್‌ಸೋಲಾರಿಸ್ ಎಂಬ ಹೆಸರಿನಲ್ಲಿ ಸಿಡಿಡಿಎಲ್ ಪರವಾನಗಿಯಡಿ ಬಿಡುಗಡೆ ಮಾಡಿತು. ಆದರೆ ಆ ಸಂಕೇತವು ವರ್ಷಾನುಗಟ್ಟಲೆ ಸನ್ ಸಂಸ್ಥೆಯದೇ ಖಾಸಗಿ ಕಂಪೈಲರ್ ಆದ ಸನ್ ಸ್ಟುಡಿಯೋಗೆ ಹೊಂದಿಕೊಂಡು ಬೆಳೆದಿತ್ತು. ಆ ಕಂಪೈಲರನ್ನು ಸಂಸ್ಥೆಯು ಡೆವಲಪರ್‌ಗಳಿಗೆ ಬೆಲೆಯಿಲ್ಲದೆ ಒದಗಿಸಿತು. ಅದರ ಮೂಲ ಸಂಕೇತವನ್ನು ಮಾತ್ರ ತೆರೆಯಲಿಲ್ಲ. ಉಚಿತ ಎಂಬುದು ಬೆಲೆಯ ಮಾತು, ಮುಕ್ತ ಎಂಬುದು ಹಕ್ಕಿನ ಮಾತು. ಈ ಎರಡರ ನಡುವಿನ ಅಂತರ ಆಗ ಅಷ್ಟಾಗಿ ಬಾಧಿಸಲಿಲ್ಲ.

ಸನ್ ಎಂಜಿನಿಯರುಗಳು ಒಂದು ಮುಂಜಾಗ್ರತೆಯನ್ನೂ ವಹಿಸಿದ್ದರು. ಸನ್ ಸ್ಟುಡಿಯೋಗಾಗಿ ಬರೆದ ಸೂಚನೆಗಳನ್ನು ಜಿಸಿಸಿಗೆ ಅರ್ಥವಾಗುವಂತೆ ಪರಿವರ್ತಿಸುವ ಪುಟ್ಟ ತಂತ್ರಾಂಶವೊಂದನ್ನು ರೂಪಿಸಿ, ಅದೇ ಸಂಕೇತವನ್ನು ಎರಡೂ ಕಂಪೈಲರ್‌ಗಳಲ್ಲಿ ಹಾಯಿಸುವ ವ್ಯವಸ್ಥೆ ಮಾಡಿದ್ದರು. ಒಂದು ಕಂಪೈಲರ್ ಗಮನಿಸದೆ ಬಿಟ್ಟ ದೋಷವನ್ನು ಮತ್ತೊಂದು ಎತ್ತಿ ತೋರಿಸಬಲ್ಲದು. ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆ ತಾಳೆ ನೋಡಿದಂತೆ.

2010ರ ಜನವರಿಯಲ್ಲಿ ಒರಾಕಲ್ ಸಂಸ್ಥೆಯು ಸನ್ ಅನ್ನು ಸ್ವಾಧೀನಪಡಿಸಿಕೊಂಡಿತು. ಅದೇ ವರ್ಷ ಸೋಲಾರಿಸ್‌ನ ಅಭಿವೃದ್ಧಿ ಮತ್ತೆ ಮುಚ್ಚಿದ ಬಾಗಿಲ ಹಿಂದೆ ಸರಿಯಿತು. ಆಗಸ್ಟ್‌ನಲ್ಲಿ ಇಲ್ಯುಮೋಸ್ ಎಂಬ ಹೆಸರಿನಲ್ಲಿ ಸಮುದಾಯದ ಯೋಜನೆ ಆರಂಭವಾಯಿತು. ಅದರ ಮುಂದೆ ಎರಡು ತೊಡಕುಗಳಿದ್ದವು. ಕೆಲವು ಭಾಗಗಳು ಮೊದಲಿನಿಂದಲೂ ಮೂಲ ಸಂಕೇತವಿಲ್ಲದೆ ಯಂತ್ರರೂಪದಲ್ಲಷ್ಟೇ ದೊರೆಯುತ್ತಿದ್ದುದರಿಂದ ಅವನ್ನು ಹೊಸದಾಗಿ ಬರೆಯಬೇಕಿತ್ತು. ಎರಡನೆಯದಾಗಿ, ಸಂಕೇತ ಸಮುದಾಯದ ಕೈಯಲ್ಲಿದ್ದರೂ ಕಂಪೈಲರ್ ಒರಾಕಲ್‌ನ ಸ್ವತ್ತಾಗಿತ್ತು. ಅದನ್ನು ತಿದ್ದುವ ಅಥವಾ ತಾವೇ ಹಂಚುವ ಹಕ್ಕು ಸಮುದಾಯಕ್ಕೆ ಇರಲಿಲ್ಲ. ಪರಿಣಾಮವಾಗಿ ಇಲ್ಯುಮೋಸ್ ಜಿಸಿಸಿಯನ್ನೇ ಮುಖ್ಯ ಕಂಪೈಲರ್ ಆಗಿ ಸ್ವೀಕರಿಸಿ, ಕಾಲಕ್ರಮೇಣ ಸನ್ ಸ್ಟುಡಿಯೋದ ಅವಲಂಬನೆಯನ್ನು ತೊರೆಯಿತು. ಹಿಂದೆ ನಡೆದಿದ್ದ ಎರಡು ಕಂಪೈಲರ್‌ಗಳ ಸಿದ್ಧತೆ ಇಲ್ಲಿ ಉಪಯೋಗಕ್ಕೆ ಬಂದಿತು.

ಲಿನಕ್ಸ್ 1991ರ ಆರಂಭದಿಂದಲೂ ಜಿಸಿಸಿಯನ್ನೇ ಅವಲಂಬಿಸಿದ್ದುದರಿಂದ ಈ ಇಕ್ಕಟ್ಟಿಗೆ ಸಿಲುಕಲಿಲ್ಲ. ಇಂಟೆಲ್‌ನ ಖಾಸಗಿ ಕಂಪೈಲರ್‌ಗೂ ಅದರಲ್ಲಿ ಅವಕಾಶವಿತ್ತು. 2023ರಲ್ಲಿ ಆ ಬೆಂಬಲವನ್ನು ತೆಗೆದುಹಾಕಿದಾಗ ಕೆಲಸ ನಿಲ್ಲಲಿಲ್ಲ. ಇಂಟೆಲ್ ಕೂಡ ತನ್ನ ಹಳೆಯ ಕಂಪೈಲರನ್ನು ಕೈಬಿಟ್ಟು, ಮುಕ್ತ ತಂತ್ರಾಂಶವಾದ ಎಲ್‌ಎಲ್‌ವಿಎಂ ಆಧಾರದ ಕಂಪೈಲರ್‌ನತ್ತ ಸಾಗಿದೆ.

ವಿಶ್ವಾಸದ ಪ್ರಶ್ನೆ

ಯುನಿಕ್ಸ್ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಮೂಲ ಸಂಕೇತದಲ್ಲಿ ಕುರುಹೇ ಇಲ್ಲದಂತೆ ಕಂಪೈಲರ್ ಒಂದು ಕಳ್ಳದಾರಿಯನ್ನು ತಂತ್ರಾಂಶದೊಳಗೆ ಇರಿಸಬಲ್ಲದು ಎಂದು ತೋರಿಸಿಕೊಟ್ಟರು. 2015ರಲ್ಲಿ ಆಪಲ್‌ನ ಎಕ್ಸ್‌ಕೋಡ್ ಉಪಕರಣದ ತಿದ್ದಿದ ಪ್ರತಿಯನ್ನು ಬಳಸಿದ ಡೆವಲಪರ್‌ಗಳ ಆ್ಯಪ್‌ಗಳಲ್ಲಿ ದುರುದ್ದೇಶದ ಸಂಕೇತ ಸೇರಿಕೊಂಡಿದ್ದು ಬೆಳಕಿಗೆ ಬಂದಿತು. ವೋಚರ್‌ಗಳೆಲ್ಲ ಸರಿಯಿದ್ದರೂ ಕೂಡುವ ಯಂತ್ರವೇ ತಪ್ಪಿದ್ದರೆ ಮೊತ್ತ ಸರಿಯಾಗದು.

ಲೆಕ್ಕಪತ್ರದ ದೃಷ್ಟಿಯಿಂದ

ತಂತ್ರಾಂಶವನ್ನು ಅಮೂರ್ತ ಸ್ವತ್ತೆಂದು ಲೆಕ್ಕಕ್ಕೆ ತೆಗೆದುಕೊಂಡ ಉದ್ಯಮಕ್ಕೆ ಇದು ಕೇವಲ ತಾಂತ್ರಿಕ ವಿಚಾರವಲ್ಲ. ಲೆಕ್ಕಪತ್ರ ಮಾನಕ 26ರ ಪ್ರಕಾರ, ಕಾನೂನುಬದ್ಧ ಹಕ್ಕಿನಿಂದ ಒದಗುವ ಸ್ವತ್ತಿನ ಉಪಯುಕ್ತ ಅವಧಿಯು, ಹಕ್ಕು ನವೀಕರಣಗೊಳ್ಳುವುದು ಬಹುತೇಕ ಖಚಿತವಾಗಿದ್ದ ಹೊರತು, ಆ ಹಕ್ಕಿನ ಅವಧಿಯನ್ನು ಮೀರುವಂತಿಲ್ಲ. ಆ ಅವಧಿಯನ್ನು ಕನಿಷ್ಠ ಪ್ರತಿ ಹಣಕಾಸು ವರ್ಷಾಂತ್ಯಕ್ಕಾದರೂ ಪರಿಶೀಲಿಸಬೇಕು. ಹತ್ತು ವರ್ಷ ಬಾಳುವುದೆಂದು ಭಾವಿಸಿದ ತಂತ್ರಾಂಶವನ್ನು ತಿದ್ದಲು ಬೇಕಾದ ಕಂಪೈಲರ್‌ನ ಪರವಾನಗಿ ಮೂರೇ ವರ್ಷಕ್ಕೆ ಮುಗಿಯುವುದಾದರೆ, ಆ ಹತ್ತು ವರ್ಷದ ಅಂದಾಜನ್ನು ಮರುಪರಿಶೀಲಿಸುವುದು ಅಗತ್ಯ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ತಂತ್ರಾಂಶ ಬರೆಸುವ ಒಪ್ಪಂದದಲ್ಲಿ ಮೂಲ ಸಂಕೇತದೊಡನೆ, ಬಳಸಿದ ಕಂಪೈಲರ್‌ನ ಹೆಸರು, ಆವೃತ್ತಿ ಮತ್ತು ಪರವಾನಗಿಯ ವಿವರವನ್ನೂ ಸೇರಿಸಬೇಕು.

2. ಸಂಕೇತವನ್ನು ಪಡೆದ ಕೂಡಲೇ, ಅದನ್ನು ಬರೆದವರ ನೆರವಿಲ್ಲದೆ ಬೇರೊಂದು ಗಣಕದಲ್ಲಿ ಸಿದ್ಧಪಡಿಸಿ ನೋಡಬೇಕು. ಅಂತಿಮ ಕಂತಿನ ಪಾವತಿಯನ್ನು ಈ ಪರೀಕ್ಷೆಗೆ ಜೋಡಿಸುವುದು ಸೂಕ್ತ.

3. ಸಾಧ್ಯವಿದ್ದಲ್ಲಿ ಎರಡನೆಯ ಕಂಪೈಲರ್‌ನಲ್ಲೂ ಸಂಕೇತ ಸಿದ್ಧಗೊಳ್ಳುವಂತೆ ಆರಂಭದಲ್ಲೇ ಕೋರಬೇಕು.

4. ಉಪಕರಣ ಉಚಿತವಾಗಿದ್ದರೆ, ಒಡೆತನ ಬದಲಾದಾಗಲೂ ಬಳಸುವ ಮತ್ತು ಹಂಚುವ ಹಕ್ಕು ಉಳಿಯುವುದೇ ಎಂದು ಪರವಾನಗಿಯಲ್ಲಿ ನೋಡಬೇಕು.

ಖಾಸಗಿ ಕಂಪೈಲರ್ ತ್ಯಾಜ್ಯವೆಂದು ಇದರ ಅರ್ಥವಲ್ಲ. ಉತ್ತಮ ವೇಗ ಮತ್ತು ತಯಾರಕರ ನೆರವು ದೊರೆಯುವಲ್ಲಿ ಅದನ್ನು ಬಳಸುವುದು ವ್ಯಾಪಾರದ ದೃಷ್ಟಿಯಿಂದ ಸಮಂಜಸವೇ. ಆದರೆ ಅದಿಲ್ಲದೆಯೂ ಕೆಲಸ ಸಾಗುವಂತಿರಬೇಕು. ಆ ಪರ್ಯಾಯವನ್ನು ಸಿದ್ಧವಾಗಿಡುವ ವೆಚ್ಚವನ್ನು ವಿಮೆಯ ಕಂತಿನಂತೆ ಭಾವಿಸುವುದು ವಿವೇಕದ ಕ್ರಮ.