ಪಂಕ್ತಿಪಾವನರು

ಜಾತಿಭೇದವನ್ನು ಕುರಿತು ಬರೆಯಹೊರಟವರು ಸಾಮಾನ್ಯವಾಗಿ ಪರರ ದೋಷಗಳಿಂದ ಆರಂಭಿಸುವುದುಂಟು. ನಾವು ನಮ್ಮ ಊಟದ ಡಬ್ಬಿಯಿಂದ ಆರಂಭಿಸಬೇಕಾಗಿದೆ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿಯೇ ನಮ್ಮ ಉಪಾಧ್ಯಾಯವೃತ್ತಿಯೆಲ್ಲ ಕಳೆಯಿತು. ಇಲ್ಲಿ ಹೇಳತಕ್ಕ ಶಾಲೆಯು ಹುಣಸೂರಿನ ಕಡೆಯದು. ಊರಿನ ಹೆಸರು ಬೇಡ. ಹೊಗೆಸೊಪ್ಪು ಬೆಳೆಯುವ ಊರು. ಒಂದು ಅಂಚಿನಲ್ಲಿ ದಲಿತರ ಕೇರಿ, ಇನ್ನೊಂದು ಅಂಚಿನಲ್ಲಿ ಶಾಲೆ.

ಶಾಲೆಯ ಬಾಗಿಲು ಆ ಕೇರಿಯ ಮಕ್ಕಳಿಗೆ ತೆರೆದು ಬಹುಕಾಲವಾಗಿತ್ತು. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಪಂಚಮರೆನಿಸಿದವರ ಮಕ್ಕಳಿಗೆ ಬೇರೆ ಶಾಲೆಗಳಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1910ರ ದಶಕದ ಉತ್ತರಾರ್ಧದಲ್ಲಿ, ಸರಕಾರಿ ಶಾಲೆಗಳಿಗೆ ಅವರನ್ನು ಸೇರಿಸಿಕೊಳ್ಳತಕ್ಕದ್ದೆಂದು ಆಜ್ಞೆಯಾಯಿತು. ಮಂಗಳೂರಿನಲ್ಲಿ ಅದಕ್ಕೂ ಮೊದಲೇ, ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ 1859ರಲ್ಲಿ ಹುಟ್ಟಿದ ರಂಗರಾಯರು ದಲಿತರ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅದಕ್ಕಾಗಿ ಸ್ವಜಾತೀಯರ ಬಹಿಷ್ಕಾರವನ್ನು ಅನುಭವಿಸಿದರು. ಆದರೆ ಬಾಗಿಲು ದಾಟಿದ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ. ಅಂಬೇಡಕರರು ಬಾಲ್ಯದಲ್ಲಿ ಸತಾರೆಯ ಶಾಲೆಯ ಒಳಗೇ ಇದ್ದರು. ಕುಳಿತುಕೊಳ್ಳಲು ಬೇರೆ ಗೋಣಿತಟ್ಟು, ಜವಾನನು ನೀರು ಕೊಟ್ಟರೆ ಉಂಟು, ಅವನಿಲ್ಲದ ದಿವಸ ನೀರೂ ಇಲ್ಲ. ಅಸ್ಪೃಶ್ಯತೆಯು ಪಾಠದ ಹೊತ್ತಿಗೆ ಮಲಗಿದ್ದು ಅನ್ನನೀರಿನ ಹೊತ್ತಿಗೆ ಏಳುವ ಪ್ರಾಣಿ.

ಅದು ನಮ್ಮ ಶಾಲೆಯಲ್ಲಿ ಎದ್ದದ್ದು ಬಿಸಿಯೂಟದೊಡನೆ. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ನಮ್ಮ ಕಡೆಗೆ ಬಂದಿತು. 2004ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯವು ಅಡಿಗೆಯವರ ನೇಮಕದಲ್ಲಿ ದಲಿತರಿಗೂ ಪರಿಶಿಷ್ಟ ವರ್ಗದವರಿಗೂ ಪ್ರಾಶಸ್ತ್ಯ ಕೊಡಬೇಕೆಂದು ಹೇಳಿತು. ಅದರ ಅರ್ಥವನ್ನು ನಮಗಿಂತ ಮೊದಲು ಊರವರು ಗ್ರಹಿಸಿದರು. ಅಲ್ಲಿಯವರೆಗೆ ಕೇರಿಯ ಮಗು ತೆಗೆದುಕೊಳ್ಳುವ ಕೈಯಾಗಿತ್ತು. ಈಗ ಕೇರಿಯ ತಾಯಿ ಕೊಡುವ ಕೈಯಾಗಬೇಕು.

ಆ ವರ್ಷದ ಮಳೆಗಾಲದ ಆರಂಭದಲ್ಲಿ ನಮ್ಮ ಶಾಲೆಗೆ ಕೇರಿಯ ಹೆಂಗಸೊಬ್ಬಳು ಅಡಿಗೆಗೆ ಬಂದಳು. ಮೊದಲ ದಿವಸ ಅರುವತ್ತಕ್ಕೆ ಮೇಲ್ಪಟ್ಟ ಮಕ್ಕಳಲ್ಲಿ ತಟ್ಟೆ ಹಿಡಿದು ಕುಳಿತವರು ಹತ್ತೊಂಬತ್ತು ಮಂದಿ. ಹದಿನೆಂಟು ಮಂದಿ ಕೇರಿಯವರು. ಇನ್ನೊಬ್ಬನು ಒಕ್ಕಲು ಮನೆಯ ಹುಡುಗ, ತಾಯಿಯಿಲ್ಲದವನು. ಉಳಿದವರು ಮನೆಗೆ ಓಡಿದರು. ನಾವು ಒಂದು ಚಮಚ ಸಾರನ್ನು ರುಚಿ ನೋಡಿ, ‘ಚೆನ್ನಾಗಿದೆ’ ಎಂದು ಗಟ್ಟಿಯಾಗಿ ಹೇಳಿ, ಕೊಠಡಿಗೆ ಹೋಗಿ, ಮನೆಯಿಂದ ತಂದಿದ್ದ ಡಬ್ಬಿಯನ್ನು ಬಿಚ್ಚಿದೆವು. ಹದಿನಾಲ್ಕು ವರ್ಷದ ಅಭ್ಯಾಸ. ಅದರಲ್ಲಿ ದೋಷವಿದೆಯೆಂದು ನಮಗೆ ತೋರಲೇ ಇಲ್ಲ.

ನಾಲ್ಕನೆಯ ದಿವಸ ಊರ ಗೌಡರನ್ನು ಕರೆಸಿ ನ್ಯಾಯಾಲಯದ ಆಜ್ಞೆಯನ್ನೂ ಸಂವಿಧಾನದ 17ನೆಯ ವಿಧಿಯನ್ನೂ ವಿವರಿಸಿದೆವು. ಅವರು ತಾಳ್ಮೆಯಿಂದ ಕೇಳಿ, ಮೇಜಿನ ಮೇಲಿದ್ದ ಡಬ್ಬಿಯನ್ನು ನೋಡಿ, “ಅಲ್ಲ ಮೇಷ್ಟ್ರೇ, ನೀವು ಮನೇದು ಉಣ್ತೀರಿ. ನಮ್ಮ ಐಕಳು ಮಾತ್ರ ಅವಳ ಕೈದು ಉಣ್ಬೇಕಾ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತ ‘ಪಂಕ್ತಿಪಾವನ’ ಎಂಬ ಶಬ್ದವು ನೆನಪಿಗೆ ಬಂದಿತು. ಶ್ರಾದ್ಧಭೋಜನದ ಸಾಲಿನಲ್ಲಿ ಯಾರು ಕುಳಿತರೆ ಸಾಲೆಲ್ಲವೂ ಪವಿತ್ರವಾಗುವುದೋ ಅಂತಹವನು ಪಂಕ್ತಿಪಾವನ. ಸಾಲಿಗೆ ಸಲ್ಲದವನು ಅಪಾಂಕ್ತೇಯ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಇಬ್ಬರ ಲಕ್ಷಣಗಳೂ ಉಕ್ತವಾಗಿವೆ. ನಾವು ಎಳೆಯರಾಗಿದ್ದಾಗ ಅದನ್ನು ಬಾಯಿಪಾಠ ಮಾಡಿ ಬಹುಮಾನ ಪಡೆದವರು. ಹತ್ತೊಂಬತ್ತು ಮಕ್ಕಳ ಆ ಸಾಲಿನಲ್ಲಿ ಸಲ್ಲದವರು ಯಾರೆಂದು ಲೆಕ್ಕ ಹಾಕಿದರೆ ನಮ್ಮ ಹೆಸರೊಂದೇ ಉಳಿಯುತ್ತಿತ್ತು.

ಬೆಳಗ್ಗೆ ಡಬ್ಬಿ ಬೇಡವೆಂದೆವು. ನಮ್ಮ ತಾಯಿಯವರು ಕಾರಣ ಕೇಳಿದರು, ಹೇಳಿದೆವು. ಅವರು ಮರುಮಾತನಾಡದೆ ಡಬ್ಬಿಯನ್ನು ತೊಳೆದು ಅಟ್ಟಕ್ಕೆ ಹಾಕಿದರು. ಅಂದಿನಿಂದ ಅವರು ಬದುಕಿದ್ದಷ್ಟು ಕಾಲ ದೇವರ ನೈವೇದ್ಯದ ಪಾತ್ರೆಯನ್ನು ನಮಗೆ ಮುಟ್ಟಗೊಡಲಿಲ್ಲ. ಅದು ಇಂದಿಗೂ ನೋವೇ.

ಮಧ್ಯಾಹ್ನ ಆ ತಾಯಿಯಿಲ್ಲದ ಹುಡುಗನ ಪಕ್ಕದಲ್ಲಿ ಕುಳಿತೆವು. ಅನ್ನ, ಸೊಪ್ಪಿನ ಸಾರು. ಮೊದಲ ತುತ್ತು ಗಂಟಲಲ್ಲಿ ನಿಂತಿತು. ಇದನ್ನು ಮರೆಮಾಚುವುದು ಸರಿಯಲ್ಲ. ಬುದ್ಧಿಯು ಒಪ್ಪಿದ್ದನ್ನು ದೇಹವು ಒಪ್ಪಲು ನಮಗೆ ಹತ್ತು ಹನ್ನೆರಡು ದಿವಸಗಳು ಹಿಡಿದುವು. ಅಡಿಗೆಯವಳು ಬಾಗಿಲ ಮರೆಯಿಂದಲೇ “ಉಪ್ಪು ಸರಿಯಾಗೈತಾ ಬುದ್ಧೀ?” ಎಂದಳು. ಆ ‘ಬುದ್ಧಿ’ ಹೋಗಿ ‘ಮೇಷ್ಟ್ರೇ’ ಆಗಲು ಒಂದು ವರ್ಷವಾಯಿತು.

ಇದನ್ನು ಕಂಡು ಊರೆಲ್ಲ ಒಮ್ಮೆಗೇ ಬದಲಾಯಿತೆಂದು ವಾಚಕರು ಭಾವಿಸಬಾರದು. ತಿಂಗಳವರೆಗೆ ಸಾಲು ಬೆಳೆಯಲಿಲ್ಲ. ಆ ಮೇಲೆ ಹೊಗೆಸೊಪ್ಪಿನ ಕೊಯ್ಲು ಬಂದಿತು. ತಾಯಂದಿರು ನಸುಕಿನಲ್ಲೇ ಹೊಲಕ್ಕೆ ಹೋದರೆ ಮಧ್ಯಾಹ್ನ ಮನೆಯಲ್ಲಿ ಬಡಿಸುವವರಿಲ್ಲ. ಒಬ್ಬೊಬ್ಬರಾಗಿ ಮಕ್ಕಳು ತಟ್ಟೆ ಹಿಡಿದರು. ನಮ್ಮ ಆದರ್ಶಕ್ಕಿಂತ ಹೊಗೆಸೊಪ್ಪು ಹೆಚ್ಚು ಕೆಲಸ ಮಾಡಿತೆನ್ನಬೇಕು. ಆದರೆ ಮಕ್ಕಳು ಮನೆಯಲ್ಲಿ ಬೈಸಿಕೊಂಡಾಗ ‘ಮೇಷ್ಟ್ರೂ ಉಣ್ತಾರೆ’ ಎನ್ನಲು ಅವರಿಗೊಂದು ಮಾತು ಸಿಕ್ಕಿತು. ಎರಡು ಮನೆಯವರು ವರ್ಗಾವಣೆ ಪತ್ರ ಪಡೆದು ಮಕ್ಕಳನ್ನು ಪೇಟೆಯ ಕಾನ್ವೆಂಟಿಗೆ ಹಾಕಿದರು, ಮರಳಲಿಲ್ಲ.

ಡಬ್ಬಿಯ ದೋಷವು ಕಂಡ ಮೇಲೆ ಬೇರೆಯವೂ ಕಣ್ಣಿಗೆ ಬಿದ್ದುವು. ಹಾಜರಿ ಪುಸ್ತಕದಲ್ಲಿ ಪರಿಶಿಷ್ಟರ ಮಕ್ಕಳ ಹೆಸರನ್ನು ಕೆಂಪು ಮಸಿಯಲ್ಲಿ ಬರೆಯುತ್ತಿದ್ದವರು ನಾವೇ. ವಿದ್ಯಾರ್ಥಿವೇತನದ ದಿವಸ ತರಗತಿಯಲ್ಲಿ ಜಾತಿ ಹೇಳಿ ಎದ್ದುನಿಲ್ಲಿಸುತ್ತಿದ್ದವರೂ ನಾವೇ. ಶೌಚಾಲಯಕ್ಕೆ ನೀರು ಹಾಕಲು ಕೂಗಿದಾಗ ಬಾಯಿಗೆ ಬರುತ್ತಿದ್ದುದು ಕೇರಿಯ ಮಕ್ಕಳ ಹೆಸರುಗಳೇ. ಪೊರಕೆಗೂ ನೀರಿಗೂ ಹಾಜರಿ ಸಂಖ್ಯೆಯ ಪ್ರಕಾರ ಸರದಿಯನ್ನು ಹಾಕಿ, ಊಟದ ಸಾಲನ್ನೂ ಅದೇ ಕ್ರಮದಲ್ಲಿ ಕೂಡಿಸಿ, ಕುಡಿಯುವ ನೀರಿಗೆ ಮುಳುಗಿಸುವ ಲೋಟವನ್ನು ತೆಗೆದು ನಲ್ಲಿಯುಳ್ಳ ಡ್ರಮ್ಮನ್ನು ಇಡಿಸಿದೆವು.

ಇದೆಲ್ಲ ಹಳೆಯ ಕಾಲದ ಮಾತೆನ್ನುವಂತಿಲ್ಲ. 2025ರ ಜೂನ್ ತಿಂಗಳಲ್ಲಿ ನೆರೆಯ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರಕಾರಿ ಶಾಲೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ದಲಿತ ಮಹಿಳೆಯು ಮುಖ್ಯ ಅಡಿಗೆಯವಳಾದ ಮೇಲೆ ಪೋಷಕರು ಮಕ್ಕಳನ್ನು ಬಿಡಿಸಿ, ಒಂದೇ ಮಗು ಉಳಿದಿತ್ತೆಂದು ವರದಿ. ಪಾಠ ಸರಿಯಿಲ್ಲದ್ದರಿಂದ ಬಿಡಿಸಿದೆವೆಂದು ಪೋಷಕರ ಹೇಳಿಕೆ. ಅಧಿಕಾರಿಗಳು ಹೋಗಿ ಸಭೆ ಮಾಡಿ ಊಟವನ್ನೂ ಮಾಡಿದರು. ಅದು ಒಳ್ಳೆಯದೇ, ಆದರೆ ಅಧಿಕಾರಿಯು ಒಂದು ದಿವಸ ಉಣ್ಣುವುದು ಬೇರೆ, ಮೇಷ್ಟ್ರು ದಿನವೂ ಉಣ್ಣುವುದು ಬೇರೆ. ಬಡಿಸುವ ಮೊದಲು ಉಪಾಧ್ಯಾಯರೊಬ್ಬರು ರುಚಿ ನೋಡಬೇಕೆಂದು ಈಗ ನಿಯಮವಿದೆ. ನಮ್ಮ ಆ ಒಂದು ಚಮಚದಿಂದಲೂ ಈ ನಿಯಮವು ಪಾಲಿತವಾದಂತೆಯೇ.

2011ರಲ್ಲಿ ನಮಗೆ ಕೃಷ್ಣರಾಜನಗರದ ಕಡೆಗೆ ವರ್ಗವಾಯಿತು. ಕೊನೆಯ ದಿವಸ ಪಾಯಸದ ಊಟ. ಏಳು ವರ್ಷ ಒಬ್ಬಳೇ ಅಡಿಗೆಮನೆಯಲ್ಲಿ ಕೊನೆಗೆ ಉಣ್ಣುತ್ತಿದ್ದ ಆಕೆಯನ್ನು ಸಾಲಿನಲ್ಲಿ ಕುಳಿತುಕೊಳ್ಳಬೇಕೆಂದು ಕೇಳಿದೆವು. “ಬಡಿಸೋರು ಯಾರು ಮೇಷ್ಟ್ರೇ?” ಎಂದಳು. ಗೌಡರ ಮೊಮ್ಮಗಳು, ಏಳನೆಯ ತರಗತಿಯವಳು, ಎದ್ದು ಸೌಟನ್ನು ತೆಗೆದುಕೊಂಡಳು. ಆಕೆ ಸಾಲಿನ ತುದಿಯಲ್ಲಿ ಕುಳಿತು ಅರ್ಧ ಉಂಡಳೋ ಇಲ್ಲವೋ, ಹಾಲು ಉಕ್ಕುತ್ತಿದೆಯೆಂದು ಎದ್ದು ಒಳಗೆ ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ.