ಗಾಲಿಯ ಹಿಂದಿನ ಕಸುಬು

ದತ್ತ ಜಯಂತಿ, ಗುರುಪೂರ್ಣಿಮೆ ಬಂದರೆ ಗಾಣಗಾಪುರದ ದಾರಿಯಲ್ಲಿ ಗಾಡಿ ಹೆಜ್ಜೆಗೊಮ್ಮೆ ನಿಲ್ಲಬೇಕು. ಭೀಮಾ-ಅಮರ್ಜಾ ಸಂಗಮದ ಕಡೆ ಜನವೋ ಜನ. ಉಳಿದ ದಿನಗಳಲ್ಲಿ ಈ ಸೀಮೆಯ ಪಿಕಪ್‌ಗಳದ್ದು ಬೇರೆಯೇ ದುಡಿಮೆ: ಅಫಜಲಪುರ, ಆಳಂದ, ಜೇವರ್ಗಿಯ ತೊಗರಿ ಚೀಲಗಳನ್ನು ಕಲಬುರಗಿಯ ಪೇಟೆಗೆ ಮುಟ್ಟಿಸುವುದು. ಒಂದೂವರೆ ಟನ್ ಹೇರಿದ ಇಂಥ ಗಾಡಿಯನ್ನು ತಡೆಯುವುದು ಮುಂದಿನ ಗಾಲಿಗಳ ಅಂಗೈಯಗಲದ ನಾಲ್ಕು ಪ್ಯಾಡು, ಹಿಂದೆ ಡ್ರಮ್ಮಿನೊಳಗಿನ ಲೈನರ್.

ಬಯಲುಸೀಮೆ, ಘಾಟಿಲ್ಲ, ಬ್ರೇಕ್ ಬೇಗ ಸವೆಯುವುದಿಲ್ಲ ಎಂಬ ಮಾತಿದೆ. ಅರ್ಧ ಸತ್ಯ. ಓಡುವ ಗಾಡಿಯ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ವೇಗ ಎರಡು ಪಟ್ಟಾದರೆ ಆ ಬಿಸಿ ನಾಲ್ಕು ಪಟ್ಟು. ಸಪಾಟು ರಸ್ತೆ ವೇಗಕ್ಕೆ ಆಸೆ ಹಚ್ಚುತ್ತದೆ.

ಪ್ಯಾಡ್ ಬದಲಿಸುವುದು ಬಲ್ಲವರಿಗೆ ಬಹಳ ಹೊತ್ತಿನ ಕೆಲಸವಲ್ಲ. ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ, ಆಮೇಲೆ ಜಾಕ್ ಕೊಡಬೇಕು. ಜಾಕ್ ಒಂದನ್ನೇ ನಂಬಬಾರದು, ಚಾಸಿಗೆ ಗಟ್ಟಿ ಸ್ಟ್ಯಾಂಡ್ ಇರಬೇಕು. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಪೈಪಿನ ಮೇಲೆ ಜೋತುಬಿಡದೆ ತಂತಿಯಿಂದ ಕಟ್ಟುತ್ತಾರೆ. ಪಿಸ್ಟನ್ ಹಿಂದಕ್ಕೆ ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಉಕ್ಕಿ ಬಿದ್ದರೆ ಪೇಂಟು ತಿನ್ನುತ್ತದೆ.

ಆದರೆ ಮಿಸ್ತ್ರಿಯ ಗಟ್ಟಿತನ ಕಾಣುವುದು ಹಳೆಯ ಪ್ಯಾಡುಗಳನ್ನು ಓದುವುದರಲ್ಲಿ. ಒಳಗಿನದು ತಗಡಿನವರೆಗೆ ಸವೆದು, ಹೊರಗಿನದು ದಪ್ಪಗೇ ಉಳಿದಿದ್ದರೆ ಕ್ಯಾಲಿಪರ್ ಸರಿಯುವ ಪಿನ್ ಹಿಡಿದುಕೊಂಡಿದೆ ಎಂದರ್ಥ. ರಬ್ಬರ್ ತೊಪ್ಪಿಗೆ ಹರಿದಿದ್ದರೆ ನಮ್ಮ ಎರೆ ಮಣ್ಣಿನ ಕೆಸರು ಅಲ್ಲಿ ಹೊಕ್ಕು ಒಣಗುತ್ತದೆ. ಪಿನ್ ತೊಳೆದು ಅದಕ್ಕೆಂದೇ ಇರುವ ಗ್ರೀಸ್ ಹಚ್ಚದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಹಾಳು.

ಎರಡೂ ಪ್ಯಾಡು ಸಮನಾಗಿಯೇ, ಆದರೆ ಬೇಗ ಸವೆದಿದ್ದರೆ ಜಾಣ ಮಿಸ್ತ್ರಿ ಹಿಂದಕ್ಕೆ ಹೋಗಿ ಪಾಟಾ ನೋಡುತ್ತಾನೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ವಾಲ್ವ್ ಇದೆ. ಹೇರಿನಿಂದ ಗಾಡಿ ಕುಗ್ಗಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹೆಚ್ಚು ಹೇರಲೆಂದು ಎಕ್ಸ್‌ಟ್ರಾ ಪಾಟಾ ಹಾಕಿಸಿದರೆ ಗಾಡಿ ಕುಗ್ಗುವುದಿಲ್ಲ. ವಾಲ್ವ್ ಗಾಡಿ ಖಾಲಿ ಎಂದೇ ತಿಳಿಯುತ್ತದೆ, ಭಾರವೆಲ್ಲ ಮುಂದಿನ ಪ್ಯಾಡುಗಳ ತಲೆಗೆ. ದುಡ್ಡು ಕೊಟ್ಟು ಬ್ರೇಕ್ ಕೆಡಿಸಿಕೊಳ್ಳುವ ಈ ಉಪಾಯ ನನಗಂತೂ ಅರ್ಥವಾಗಿಲ್ಲ.

ಪ್ಯಾಡಿನ ಧೂಳನ್ನು ಬಾಯಿಂದ ಊದುವ, ಗಾಳಿ ಪೈಪು ಹಿಡಿಯುವ ರೂಢಿಯೂ ಹೋಗಬೇಕು. ಹಳೆಯ ಮಾಲಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಪುಪ್ಪುಸ ಉಳಿಯುತ್ತದೆ.

ಜೋಡಣೆ ಮುಗಿದ ಮೇಲೆ ಗಾಡಿ ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವ ತನಕ ನಾಲ್ಕಾರು ಸಲ ತುಳಿಯಲೇಬೇಕು. ಹಿಂದೆ ಸರಿಸಿದ ಪಿಸ್ಟನ್ ಪ್ಯಾಡಿಗೆ ಬಂದು ತಾಗುವ ತನಕ ಬ್ರೇಕೇ ಇರುವುದಿಲ್ಲ. ಇದನ್ನು ಮರೆತವರ ಗಾಡಿ ಗ್ಯಾರೇಜಿನ ಗೋಡೆಗೇ ಗುದ್ದುತ್ತದೆ. ಹೊಸ ಪ್ಯಾಡ್ ಡಿಸ್ಕಿಗೆ ಕೂಡಿಕೊಳ್ಳಲು ಮೊದಲ ನೂರಿನ್ನೂರು ಕಿಲೋಮೀಟರ್ ಹಗುರಾಗಿ ತುಳಿದು ಓಡಿಸಬೇಕು. ಹುಣ್ಣಿಮೆಯ ಹಿಂದಿನ ದಿನ ಪ್ಯಾಡ್ ಹಾಕಿಸಿ, ಮರುದಿನವೇ ತುಂಬು ಹೇರಿನಲ್ಲಿ ಜಾತ್ರೆಯ ಗದ್ದಲಕ್ಕೆ ಇಳಿಯುವುದಕ್ಕಿಂತ ವಾರ ಮೊದಲೇ ಗ್ಯಾರೇಜಿಗೆ ಹೋಗುವುದು ಮೇಲು.