ಸಣ್ಣ ಕ್ಲಬ್ಬಿಗೂ ಒಂದು ಏಣಿ ಬೇಕು

ಹುಬ್ಬಳ್ಳಿಯಿಂದ ಹರಿಹರದತ್ತ ಹೋಗುವ ರೈಲು ಯಲವಿಗಿಯನ್ನು ದಾಟಿಯೇ ಮುಂದೆ ಸಾಗಬೇಕು. ಈ ಸೀಮೆಯಲ್ಲಿ ಕುಸ್ತಿಗೆ ಗರಡಿಮನೆಯುಂಟು, ಕಬಡ್ಡಿಗೆ ಶಾಲೆಯ ಬಯಲುಂಟು. ಫುಟ್‌ಬಾಲಿನ ಮಾತು ಬಂದರೆ ಮಾತ್ರ ಜನ ಬೆಂಗಳೂರಿನತ್ತ ಕೈ ತೋರಿಸುತ್ತಾರೆ. ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ಈ ಆಟ ನಮ್ಮ ನಾಡಿಗೆ ಬಂದದ್ದು ಬ್ರಿಟಿಷ್ ಸೈನಿಕರ ಜೊತೆಗೆ. ದಂಡು ಬೀಡುಬಿಟ್ಟ ಕಡೆ ಚೆಂಡೂ ಉರುಳಿತು. ಬೆಂಗಳೂರಿನಲ್ಲಿ 1809ರಲ್ಲಿ ನೆಲೆಯಾದ ದಂಡು ಪ್ರದೇಶದ ಸುತ್ತಲಿನ ಕೇರಿಗಳ ಹುಡುಗರು ಸೈನಿಕರ ಆಟ ನೋಡಿ ಕಲಿತರು. ಮುಂದೆ ತಮ್ಮವೇ ಕ್ಲಬ್ಬುಗಳನ್ನು ಕಟ್ಟಿಕೊಂಡರು.

ಅಂಥ ಕ್ಲಬ್ಬುಗಳಲ್ಲಿ ಹೆಸರು ಮಾಡಿದ್ದು ಬೆಂಗಳೂರು ಮುಸ್ಲಿಮ್ಸ್. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದಂದಿನಿಂದ ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಾಗಿಯೇ ಇತ್ತು. 1937ರಲ್ಲಿ ಈ ಕ್ಲಬ್ಬು ಕಲಕತ್ತೆಯ ಬಲಿಷ್ಠ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಫೈನಲಿನಲ್ಲಿ ಮಣಿಸಿ, ಆ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷವೂ ಗೆದ್ದಿತು. 1948ರಲ್ಲಿ ಮೂರನೆಯ ಸಲ ಕಪ್ ಅದರ ಕೈಸೇರಿತು.

ಹಾಗಾದರೆ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್‌ಗಳಂತೆ ಅದರ ಹೆಸರೂ ಏಕೆ ಮನೆಮಾತಾಗಿ ಉಳಿಯಲಿಲ್ಲ? ಕಪ್ಪೆಂದರೆ ಕೆಲವು ದಿನಗಳ ಹಬ್ಬ. ವರ್ಷವಿಡೀ ಕ್ಲಬ್ಬನ್ನು ಸಾಕುವುದು ಲೀಗು. ಕಲಕತ್ತೆಯ ಲೀಗಿಗೆ ಸಾವಿರಾರು ಪ್ರೇಕ್ಷಕರಿದ್ದರು. ಪ್ರತಿಭಾವಂತರು ಸಹಜವಾಗಿಯೇ ಅತ್ತ ಹೊರಟರು. ಬೆಂಗಳೂರಿನಲ್ಲಿ ಬೆಳೆದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದ ಮರುವರ್ಷವೇ ಈಸ್ಟ್ ಬೆಂಗಾಲ್ ಸೇರಿದರು. ಆ ಕ್ಲಬ್ಬಿನ ‘ಪಂಚ ಪಾಂಡವ’ರಲ್ಲಿ ಒಬ್ಬರೆಂದು ಹೆಸರಾದರು. ಬೀಜ ಬಿತ್ತಿದವರು ಇಲ್ಲಿ, ಬೆಳೆ ಕೊಯ್ದವರು ಅಲ್ಲಿ.

ಸ್ವಾತಂತ್ರ್ಯಾನಂತರ ಆಟಗಾರನಿಗೆ ಊರಿನಲ್ಲೇ ಅನ್ನ ಕೊಟ್ಟದ್ದು ಸಾರ್ವಜನಿಕ ಉದ್ಯಮಗಳು. ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಸಂತೋಷ್ ಟ್ರೋಫಿಯನ್ನು 1946-47 ಮತ್ತು 1952-53ರಲ್ಲಿ ಗೆದ್ದಿದ್ದ ಮೈಸೂರು ರಾಜ್ಯ, 1967-68, 1968-69ರಲ್ಲಿ ಸತತವಾಗಿ ಗೆದ್ದಿತು. ಆದರೆ ಈ ವ್ಯವಸ್ಥೆಗೂ ಒಂದು ಮಿತಿಯಿತ್ತು. ಆಟಗಾರನ ಕಣ್ಣು ಕ್ಲಬ್ಬಿಗಿಂತ ನೌಕರಿಯ ಮೇಲೆ. ಸಂಬಳ ಕೊಡಲಾಗದ ಕೇರಿಯ ಕ್ಲಬ್ಬು ಕಾರ್ಖಾನೆಯ ಎದುರು ನಿಲ್ಲುವುದಾದರೂ ಹೇಗೆ? ಮುಂದೆ ವೃತ್ತಿಪರ ಫುಟ್‌ಬಾಲಿನ ಕಾಲ ಬಂದಾಗ ಕಾರ್ಖಾನೆಯ ತಂಡಗಳೂ ಸೋತವು. ಐ-ಲೀಗ್‌ನಲ್ಲಿ ಆಡುತ್ತಿದ್ದ ಎಚ್‌ಎಎಲ್ 2011-12ರ ಋತುವಿನಲ್ಲಿ ಕೆಳಗಿಳಿಯಿತು. ರೋವರ್ಸ್ ಕಪ್ಪೇ 2000-01ರ ನಂತರ ನಿಂತುಹೋಗಿತ್ತು.

2013ರಲ್ಲಿ ಹಣವಂತ ಉದ್ಯಮ ಸಮೂಹವೊಂದು ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಅದು ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿತು. ಹಣ, ಶಿಸ್ತು ಎರಡೂ ಕೂಡಿದರೆ ಏನಾಗಬಹುದೆಂಬುದಕ್ಕೆ ಇದು ನಿದರ್ಶನ. ಆದರೆ ಮೇಲಿನಿಂದ ಇಳಿದು ಬಂದ ಕ್ಲಬ್ಬಿಗೂ ಕೆಳಗಿನಿಂದ ಹತ್ತಿ ಬರಬೇಕಾದ ಕ್ಲಬ್ಬಿಗೂ ವ್ಯತ್ಯಾಸವಿದೆ.

ಇದಕ್ಕೆ ಇಂಗ್ಲೆಂಡಿನ ಅಕ್ರಿಂಗ್ಟನ್ ಎಂಬ ಗಿರಣಿ ಪಟ್ಟಣದ ಕಥೆ ನೋಡಬಹುದು. 1888ರಲ್ಲಿ ಫುಟ್‌ಬಾಲ್ ಲೀಗ್ ಸ್ಥಾಪಿಸಿದ 12 ಕ್ಲಬ್ಬುಗಳಲ್ಲಿ ಈ ಊರಿನದೂ ಒಂದು. ಅದು ಅಳಿದ ಮೇಲೆ ಅಕ್ರಿಂಗ್ಟನ್ ಸ್ಟ್ಯಾನ್ಲಿ ಎಂಬ ಇನ್ನೊಂದು ಕ್ಲಬ್ಬು 1921ರಲ್ಲಿ ಲೀಗ್ ಸೇರಿತು. ಸಾಲ ಹೆಚ್ಚಾಗಿ 1962ರಲ್ಲಿ ಹೊರಬಿದ್ದಿತು. 1968ರಲ್ಲಿ ಊರವರು ಅದೇ ಹೆಸರಿನ ಕ್ಲಬ್ಬನ್ನು ಮತ್ತೆ ಕಟ್ಟಿದರು. ಲೀಗಿನ ಹೊರಗಿನ, ಅಂದರೆ ‘ನಾನ್-ಲೀಗ್’ ಎನ್ನುವ ಕೆಳಗಿನ ಹಂತಗಳಲ್ಲಿ ವರ್ಷಗಟ್ಟಲೆ ಆಡಿ, 2006ರಲ್ಲಿ ಅದು ಲೀಗಿಗೆ ಮರಳಿತು. ಇದನ್ನು ಸಾಧ್ಯವಾಗಿಸಿದ್ದು ಊರಿನ ಛಲವೊಂದೇ ಅಲ್ಲ. ನಾನ್-ಲೀಗ್‌ನ ಮೇಲಿನ ಹಂತದಲ್ಲಿ ಗೆದ್ದವರು ಲೀಗಿಗೆ ಏರಬಹುದೆಂಬ ನಿಯಮ 1986-87ರಿಂದ ಅಲ್ಲಿ ಜಾರಿಗೆ ಬಂದಿತ್ತು.

ನಮ್ಮಲ್ಲಿ ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಆರಂಭವಾದಾಗ ಇಂಥ ಏಣಿಯಿರಲಿಲ್ಲ. ಹಣ ಹೂಡಿದವರಿಗಷ್ಟೇ ಪ್ರವೇಶ. 2023ರಲ್ಲಿ ಐ-ಲೀಗ್ ವಿಜೇತರಿಗೆ ಬಾಗಿಲು ತೆರೆಯಿತು. ಮರುವರ್ಷ ಆ ಬಾಗಿಲಿನಿಂದ ಒಳಬಂದದ್ದು, 1937ರಲ್ಲಿ ಬೆಂಗಳೂರಿನ ಹುಡುಗರಿಗೆ ಸೋತಿದ್ದ ಅದೇ ಮೊಹಮ್ಮಡನ್ ಸ್ಪೋರ್ಟಿಂಗ್!

2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಪ್ರತಿಭೆಗೆ ಬರವಿಲ್ಲವೆಂಬುದು ಇದರಿಂದ ಸ್ಪಷ್ಟ. ಕೊರತೆಯಿರುವುದು ಸಣ್ಣ ಊರಿನ ಮೈದಾನದಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಹತ್ತುವ ಮೆಟ್ಟಿಲುಗಳದು. ಆ ಮೆಟ್ಟಿಲುಗಳಿದ್ದರೆ ಸೋತ ಕ್ಲಬ್ಬೂ ಮುಂದಿನ ವರ್ಷಕ್ಕೆ ಕಾಯಬಲ್ಲದು. ಇಲ್ಲದಿದ್ದರೆ ಗೆದ್ದ ಕ್ಲಬ್ಬಿಗೂ ನಾಳೆಯೆಂಬುದಿಲ್ಲ.